ಜಮಖಾನದ ಚೀಲದವರು

ಸೋತವನು ತನ್ನ ಕಥೆಯನ್ನು ತಾನೇ ಬರೆದರೆ ಅದನ್ನು ಹೇಗೆ ಓದಬೇಕು? ಗೆದ್ದವನ ಆತ್ಮಕಥೆಯ ವಿಷಯದಲ್ಲಿ ನಮಗೆ ಅಂಥ ತೊಡಕಿಲ್ಲ. ಅವನ ಮಾತಿನಿಂದ ಅಷ್ಟಿಷ್ಟು ಜಂಬವನ್ನು ಸೋಸಿ ತೆಗೆದು ಉಳಿದುದನ್ನು ನಂಬಿಬಿಡುತ್ತೇವೆ. ಸೋತವನು ಬಾಯಿ ತೆರೆದರೆ ಮಾತ್ರ ನಾವು ನ್ಯಾಯಾಧೀಶರಾಗಿ ಕುಳಿತುಕೊಳ್ಳುತ್ತೇವೆ. ಈತ ನೆಪ ಹೇಳುತ್ತಿರುವನೆ, ಗೆದ್ದವರ ಮೇಲೆ ಹಗೆ ತೀರಿಸಿಕೊಳ್ಳುತ್ತಿರುವನೆ, ತನ್ನ ತಪ್ಪನ್ನು ಕಾಲದ ಮೇಲೆ ಹೊರಿಸುತ್ತಿರುವನೆ ಎಂದು ಸಾಲು ಸಾಲಿಗೂ ಪಾಟೀಸವಾಲು ಹಾಕುತ್ತೇವೆ. ಅವನು ಆ ಊರಿಗೆ ಹೊರಗಿನವನೂ ಆಗಿದ್ದನೆಂದರೆ ತೀರ್ಪು ಮೊದಲೇ ಸಿದ್ಧವಾಗಿರುತ್ತದೆ.

ಈಚೆಗೆ ಅಂಥ ಎರಡು ಪುಸ್ತಕಗಳನ್ನು ಒಂದರ ಬೆನ್ನಿಗೆ ಇನ್ನೊಂದನ್ನಿಟ್ಟುಕೊಂಡು ಓದಿದೆ. ಎರಡೂ ಅಮೆರಿಕದವು. ಒಂದು, ಆಲ್ಬರ್ಟ್ ಮಾರ್ಗನ್ ಎಂಬವನು ೧೮೮೪ರಲ್ಲಿ ವಾಷಿಂಗ್ಟನ್ ನಗರದಲ್ಲಿ ತಾನೇ ಪ್ರಕಾಶಕನಾಗಿ ಹೊರತಂದ 'ಯಾಜೂ'. ಇನ್ನೊಂದು, ಮಾರ್ಷಲ್ ಟ್ವಿಚೆಲ್ ಎಂಬವನ ಆತ್ಮಕಥೆ. ಇದು ಟ್ವಿಚೆಲ್ ೧೯೦೫ರಲ್ಲಿ ತೀರಿಕೊಂಡ ಮೇಲೆ ಎಂಬತ್ತನಾಲ್ಕು ವರ್ಷ ಅಚ್ಚು ಕಾಣದೆ ಉಳಿದು, ಟೆಡ್ ಟನಲ್ ಎಂಬ ಇತಿಹಾಸಕಾರರ ಸಂಪಾದನೆಯಲ್ಲಿ ೧೯೮೯ರಲ್ಲಿ ಬೆಳಕಿಗೆ ಬಂದಿತು. ಇಬ್ಬರ ಬಾಳೂ ಒಂದೇ ಎರಕದಲ್ಲಿ ಹೊಯ್ದಂತಿದೆ. ಇಬ್ಬರೂ ಉತ್ತರ ಸೀಮೆಯ ಹುಡುಗರು. ಇಬ್ಬರೂ ೧೮೬೧ರಲ್ಲಿ ಸ್ವಯಂಸೇವಕರಾಗಿ ಸೈನ್ಯ ಸೇರಿ ಅಧಿಕಾರಿಗಳಾದರು. ಯುದ್ಧ ಮುಗಿದ ಮೇಲೆ ಸೋತ ದಕ್ಷಿಣಕ್ಕೆ ಹೋಗಿ ಹತ್ತಿ ಬೆಳೆಯುವ ರೈತರಾದರು; ಆಮೇಲೆ ರಾಜ್ಯದ ಶಾಸನಸಭೆಯಲ್ಲಿ ಕುಳಿತರು; ಕೊನೆಗೆ ಇಬ್ಬರನ್ನೂ ಬಂದೂಕಿನ ಬಾಯಿಂದ ಓಡಿಸಲಾಯಿತು. ಇಬ್ಬರಿಗೂ ಇತಿಹಾಸ ಕೊಟ್ಟ ಹೆಸರೂ ಒಂದೇ: 'ಕಾರ್ಪೆಟ್‌ಬ್ಯಾಗರ್'.

ಈ ಮಾತನ್ನು ಸ್ವಲ್ಪ ಬಿಡಿಸಬೇಕು. ಆ ಕಾಲದಲ್ಲಿ ಹಳೆಯ ಜಮಖಾನದ ಬಟ್ಟೆಯಿಂದ ಹೊಲಿದ ಅಗ್ಗದ ಪ್ರಯಾಣದ ಚೀಲಗಳಿದ್ದವು. ಇರುವ ಆಸ್ತಿಯೆಲ್ಲ ಅಂಥ ಒಂದು ಚೀಲದಲ್ಲಿ ಹಿಡಿಸುವಷ್ಟು ಬಡವನಾಗಿ ಬಂದು, ಸೋತ ನಾಡನ್ನು ದೋಚಿ, ಚೀಲ ತುಂಬಿಸಿಕೊಂಡು ಹೋಗುವ ಉತ್ತರದವನು ಎಂಬುದು ಆ ಬೈಗುಳದ ಅರ್ಥ. ನಮ್ಮಲ್ಲಿ ಬಹುಮಂದಿಯಂತೆ ನಾನೂ ಆ ಪದವನ್ನು ಮೊದಲು ಕೇಳಿದ್ದು 'ಗಾನ್ ವಿತ್ ದ ವಿಂಡ್' ಮೂಲಕ. ಹಾಸ್ಟೆಲಿನ ಗೆಳೆಯರೊಡನೆ ಆ ಚಿತ್ರವನ್ನು ನೋಡಿ, ಉರಿಯುವ ಅಟ್ಲಾಂಟ ನಗರಕ್ಕೆ ಮರುಗಿ, ತೋಟದೊಡೆಯರ ಮಗಳು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಆಣೆಯಿಡುವಾಗ ನಾವೆಲ್ಲ ಅವಳ ಪಕ್ಷದವರಾಗಿದ್ದೆವು. ಉತ್ತರದಿಂದ ಬಂದವನು ಕುಹಕಿ, ಮತ ಕೊಡುವ ಕಪ್ಪು ಮನುಷ್ಯ ಅವನ ಕೈಗೊಂಬೆ ಎಂಬುದನ್ನು ನಾವು ಒಂದು ಕ್ಷಣವೂ ಸಂಶಯಿಸಲಿಲ್ಲ. ಕಲೆ ಚೆನ್ನಾಗಿದ್ದರೆ ಸುಳ್ಳಿಗೂ ಕಣ್ಣೀರು ಬರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮಾರ್ಗರೆಟ್ ಮಿಚೆಲ್ಲರ ಆ ಕಾದಂಬರಿ ಬಂದದ್ದು ೧೯೩೬ರಲ್ಲಿ. ಅದಕ್ಕೂ ಮೊದಲು ೧೯೦೫ರಲ್ಲಿ ಥಾಮಸ್ ಡಿಕ್ಸನ್ ಎಂಬವನ 'ದ ಕ್ಲಾನ್ಸ್‌ಮನ್' ಎಂಬ ಕಾದಂಬರಿ, ಅದನ್ನು ಆಧರಿಸಿ ೧೯೧೫ರಲ್ಲಿ ಗ್ರಿಫಿತ್ ತೆಗೆದ 'ದ ಬರ್ತ್ ಆಫ್ ಎ ನೇಷನ್' ಎಂಬ ಚಿತ್ರ ಇದೇ ನಂಬಿಕೆಗೆ ಅಡಿಪಾಯ ಹಾಕಿದ್ದವು. ವಿಶ್ವವಿದ್ಯಾಲಯಗಳ ಇತಿಹಾಸಕಾರರೂ ಬಹುಕಾಲ ಅದನ್ನೇ ಬೋಧಿಸಿದರು. ದ್ಯು ಬೋಯ್ಸ್ ೧೯೩೫ರಲ್ಲಿ ತಮ್ಮ ಮಹಾಗ್ರಂಥದಲ್ಲಿ ಇದನ್ನು ಬುಡಸಹಿತ ಅಲ್ಲಾಡಿಸಿದರಾದರೂ ಅವರ ಮಾತು ಪಾಠಪುಸ್ತಕಗಳಿಗೆ ಇಳಿಯಲು ಮತ್ತೆ ಹಲವು ದಶಕಗಳು ಹಿಡಿದವು.

ಆದುದರಿಂದ ಈ ಎರಡು ಪುಸ್ತಕಗಳನ್ನು ಕೈಗೆತ್ತಿಕೊಂಡಾಗ ನಾನು ಓದುತ್ತಿದ್ದುದು, ಕಾದಂಬರಿಯಲ್ಲಿ ನಾನು ದ್ವೇಷಿಸಿದ್ದ ಪಾತ್ರವೇ ಎದ್ದು ನಿಂತು ಹೇಳುವ ಮಾತನ್ನು.

ಮೊದಲು ಮಾರ್ಗನ್ನನ ಕಥೆ. ವಿಸ್ಕಾನ್ಸಿನ್ ರಾಜ್ಯದಲ್ಲಿ ಬೆಳೆದ ಈತ ಸಾಮಾನ್ಯ ಸಿಪಾಯಿಯಾಗಿ ಸೇರಿ, ಯುದ್ಧ ಮುಗಿಯುವ ಹೊತ್ತಿಗೆ ಲೆಫ್ಟಿನೆಂಟ್ ಕರ್ನಲ್ ಆಗಿದ್ದ. ಅಂದಿನ ಅಮೆರಿಕದಲ್ಲಿ ಕಾಯಂ ಸೈನ್ಯವೆಂಬುದು ಬಹಳ ಸಣ್ಣದು. ೧೮೬೧ರ ಏಪ್ರಿಲಿನಲ್ಲಿ ಲಿಂಕನ್ ಎಪ್ಪತ್ತೈದು ಸಾವಿರ ಮಂದಿಗೆ ಕರೆ ಕೊಟ್ಟಾಗ ಉತ್ತರದ ರಾಜ್ಯಗಳು ತಮ್ಮ ತಮ್ಮ ಸ್ವಯಂಸೇವಕ ದಳಗಳನ್ನು ಕಟ್ಟಿ ಕಳುಹಿಸಿದವು. ರೈತರ ಮಕ್ಕಳು, ಶಾಲೆಯ ಉಪಾಧ್ಯಾಯರು, ಅಂಗಡಿಯ ಗುಮಾಸ್ತರು ಸೇರಿ ಕಟ್ಟಿದ ದಳಗಳವು. ಎಷ್ಟೋ ಕಡೆ ಸಿಪಾಯಿಗಳೇ ತಮ್ಮ ನಾಯಕರನ್ನು ಚುನಾಯಿಸಿಕೊಂಡರು. ಸೈನ್ಯದಲ್ಲಿಯೇ ಮತದಾನವನ್ನು ಕಂಡ ಇಂಥವರಿಗೆ ಅಧಿಕಾರವೆಂದರೆ ಹುಟ್ಟಿನಿಂದ ಬರುವ ವಸ್ತುವೆಂದು ತೋರದಿದ್ದುದು ಸಹಜ. ಈ ಹಿನ್ನೆಲೆಯನ್ನು ಮರೆತರೆ ಈ ಇಬ್ಬರ ಮುಂದಿನ ನಡತೆ ಅರ್ಥವಾಗದು.

೧೮೬೫ರ ಕೊನೆಯಲ್ಲಿ ಮಾರ್ಗನ್ ತನ್ನ ಅಣ್ಣ ಚಾರ್ಲ್ಸ್‌ನೊಡನೆ ಮಿಸಿಸಿಪ್ಪಿ ರಾಜ್ಯದ ಯಾಜೂ ಪಟ್ಟಣಕ್ಕೆ ಬಂದು ಟೊಕೆಬಾ ಎಂಬ ತೋಟವನ್ನು ಗುತ್ತಿಗೆಗೆ ಹಿಡಿದ. ಹತ್ತಿಗೆ ಚಿನ್ನದ ಬೆಲೆಯಿದ್ದ ದಿನಗಳವು. ಆ ಯುದ್ಧದ ಕಾಲದಲ್ಲಿ ಅಮೆರಿಕದ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತು, ನಮ್ಮ ಧಾರವಾಡ ಸೀಮೆಯ ಹತ್ತಿಯ ಬೆಲೆ ಒಮ್ಮೆಲೇ ಏರಿ, ಯುದ್ಧ ಮುಗಿಯುತ್ತಲೇ ಕುಸಿದುದನ್ನು ಉತ್ತರ ಕರ್ನಾಟಕದವರು ಬಲ್ಲರು. ಆ ಏರಿಳಿತದ ಇನ್ನೊಂದು ತುದಿಯಲ್ಲಿ ನಿಂತಿದ್ದವರು ಈ ಮಾರ್ಗನ್ ಸೋದರರು. ಕೂಲಿ ಕೊಟ್ಟರೆ ಗುಲಾಮಗಿರಿಗಿಂತ ಚೆನ್ನಾಗಿ ಬೇಸಾಯ ನಡೆಯುತ್ತದೆ ಎಂಬುದು ಅವರ ಶ್ರದ್ಧೆ. ೧೮೬೬ ಮತ್ತು ೧೮೬೭ರಲ್ಲಿ ಮಳೆ ಕೆಟ್ಟು, ಹುಳು ಬಿದ್ದು ದಕ್ಷಿಣದ ಬೆಳೆಯೆಲ್ಲ ಹಾಳಾಯಿತು; ಬೆಲೆಯೂ ಇಳಿಯಿತು. ಅದರ ಮೇಲೆ, ಬಿಡುಗಡೆ ಹೊಂದಿದ ಕಪ್ಪು ಜನರ ಮಕ್ಕಳಿಗಾಗಿ ಶಾಲೆ ನಡೆಸಿದರೆಂದು ಊರಿನ ದೊಡ್ಡಮನುಷ್ಯರು ಮಾರ್ಗನ್ ಮನೆಯವರನ್ನು ಹೊರಗಿಟ್ಟರು. ತೋಟ ಕೈಬಿಟ್ಟಿತು. ರೈತನಾಗಿ ಸೋತವನು ರಾಜಕಾರಣಕ್ಕೆ ಬಂದ.

೧೮೬೭ರ ಕಾಯಿದೆಗಳಿಂದ ಕಪ್ಪು ಗಂಡಸರಿಗೆ ಮತದ ಹಕ್ಕು ಬಂದಿತ್ತು. ೧೮೬೮ರಲ್ಲಿ ಮಿಸಿಸಿಪ್ಪಿಯ ಹೊಸ ಸಂವಿಧಾನವನ್ನು ಬರೆದ ಸಭೆಗೆ ಮಾರ್ಗನ್ ಪ್ರತಿನಿಧಿಯಾದ; ೧೮೭೦ರಲ್ಲಿ ರಾಜ್ಯದ ಸೆನೆಟ್ಟಿನ ಸದಸ್ಯನಾಗಿದ್ದ. ಆ ವರ್ಷ ಸೇರಿದ ಶಾಸನಸಭೆಯೇ ಹೈರಮ್ ರೆವೆಲ್ಸ್ ಎಂಬ ಮೊದಲನೆಯ ಕಪ್ಪು ಸೆನೆಟರನ್ನು ವಾಷಿಂಗ್ಟನ್ನಿಗೆ ಆರಿಸಿ ಕಳುಹಿಸಿತು. ಅಲ್ಲಿಯವರೆಗೆ ಆ ರಾಜ್ಯ ಕಾಣದಿದ್ದ ಸಾರ್ವಜನಿಕ ಶಾಲೆಗಳ ವ್ಯವಸ್ಥೆಯನ್ನು ತಂದಿತು. ಬಿಳಿಯರು ಕಪ್ಪು ಜನರನ್ನು ಮದುವೆಯಾದರೆ ಜೀವಾವಧಿ ಶಿಕ್ಷೆ ಎಂದಿದ್ದ ಕಾಯಿದೆಯೂ ರದ್ದಾಯಿತು. ಅದನ್ನು ರದ್ದುಮಾಡಿಸಲು ಹೆಣಗಿದವನು ಮಾರ್ಗನ್. ಅದೇ ವರ್ಷ, ನ್ಯೂಯಾರ್ಕ್ ರಾಜ್ಯದಿಂದ ಪಾಠ ಹೇಳಲು ಬಂದಿದ್ದ ಕ್ಯಾರಿ ಹೈಗೇಟ್ ಎಂಬ ಕಪ್ಪು ಉಪಾಧ್ಯಾಯಿನಿಯನ್ನು ಅವನು ಮದುವೆಯಾದ. ಶಾಸಕನು ತಾನು ಮಾಡಿಸಿದ ಕಾಯಿದೆಯನ್ನು ತನ್ನ ಬಾಳಿನಲ್ಲಿಯೇ ಮೊದಲು ಜಾರಿಗೆ ತರುವುದು ಯಾವ ದೇಶದಲ್ಲಿಯೂ ಅಪರೂಪದ ಸಂಗತಿಯೇ.

೧೮೭೩ರಲ್ಲಿ ಮಾರ್ಗನ್ ಯಾಜೂ ಜಿಲ್ಲೆಯ ಷರೀಫನಾಗಿ ಚುನಾಯಿತನಾದ. ಶಾಂತಿಪಾಲನೆಯ ಜೊತೆಗೆ ತೆರಿಗೆ ವಸೂಲಿಯೂ ಇದ್ದ ಹುದ್ದೆ ಅದು. ಅಧಿಕಾರ ಬಿಟ್ಟುಕೊಡಲು ಒಪ್ಪದ ಹಿಂದಿನ ಷರೀಫ ಕಚೇರಿಯ ಬಾಗಿಲಲ್ಲಿ ನಡೆದ ಗುಂಡಿನ ಹೊಡೆದಾಟದಲ್ಲಿ ಸತ್ತ, ಮಾರ್ಗನ್ ಸೆರೆಮನೆ ಕಂಡ, ಮೊಕದ್ದಮೆ ನಿಲ್ಲಲಿಲ್ಲ. ೧೮೭೫ರ ಸೆಪ್ಟೆಂಬರಿನಲ್ಲಿ ಅವನ ಪಕ್ಷದ ಸಭೆಗೆ ಬಂದೂಕು ಹಿಡಿದವರು ನುಗ್ಗಿದರು. ಅವನು ತಪ್ಪಿಸಿಕೊಂಡು, ಅಡಗಿದ್ದು, ರಾಜಧಾನಿ ಜಾಕ್ಸನ್ನಿಗೆ ಓಡಿದ. ಗವರ್ನರ್ ಏಮ್ಸ್ ಕೇಂದ್ರದ ಸೈನ್ಯವನ್ನು ಬೇಡಿದರು, ದೊರೆಯಲಿಲ್ಲ. ಆ ನವೆಂಬರಿನ ಚುನಾವಣೆಯಲ್ಲಿ, ಹನ್ನೆರಡು ಸಾವಿರದಷ್ಟು ಕಪ್ಪು ಜನರಿದ್ದ ಯಾಜೂ ಜಿಲ್ಲೆಯಲ್ಲಿ ಅವರ ಪಕ್ಷಕ್ಕೆ ಬಿದ್ದ ಮತಗಳು ಏಳು. ಏಳು ಸಾವಿರವಲ್ಲ, ಏಳು ನೂರಲ್ಲ, ಏಳು.

ಇನ್ನು ಟ್ವಿಚೆಲ್. ೧೮೪೦ರ ಫೆಬ್ರವರಿ ೨೯ರಂದು ವರ್ಮಾಂಟ್ ರಾಜ್ಯದ ಟೌನ್‌ಷೆಂಡ್ ಎಂಬ ಊರಿನಲ್ಲಿ ರೈತನ ಮಗನಾಗಿ ಹುಟ್ಟಿದವನು. ಯುದ್ಧಕ್ಕೆ ಮೊದಲು ಶಾಲೆಯ ಉಪಾಧ್ಯಾಯ. ೧೮೬೪ರ ಮೇ ತಿಂಗಳಲ್ಲಿ ವಿಲ್ಡರ್‌ನೆಸ್ ಕಾಳಗದಲ್ಲಿ ತಲೆಗೆ ಗುಂಡು ತಾಗಿ, ಉಳಿಯುವವನಲ್ಲ ಎಂದು ವೈದ್ಯರು ಕೈಬಿಟ್ಟವನು ಬದುಕಿದ. ಆಮೇಲೆ ಕಪ್ಪು ಸಿಪಾಯಿಗಳ ದಳವೊಂದರಲ್ಲಿ ಕ್ಯಾಪ್ಟನ್ ಆದ. ೧೮೬೫ರಲ್ಲಿ, ಬಿಡುಗಡೆ ಹೊಂದಿದವರ ನೆರವಿಗಾಗಿ ಸರಕಾರ ತೆರೆದಿದ್ದ ಇಲಾಖೆಯ ಪ್ರತಿನಿಧಿಯಾಗಿ ಲೂಸಿಯಾನ ರಾಜ್ಯದ ಸ್ಪಾರ್ಟ ಎಂಬ ಸಣ್ಣ ಊರಿಗೆ ಬಂದ. ಅಲ್ಲಿಯ ತೋಟದೊಡೆಯರ ಮನೆತನದ ಅಡೆಲ್ ಕೋಲ್ಮನ್ ಎಂಬವಳನ್ನು ಪ್ರೀತಿಸಿ ಮದುವೆಯಾದ. ಗೆದ್ದ ಸೈನ್ಯದ ಅಧಿಕಾರಿಗೆ ಹೆಣ್ಣು ಕೊಡಲು ಆ ಮನೆಯವರಿಗೆ ಎಷ್ಟು ಕಷ್ಟವಾಗಿರಬೇಕೆಂಬುದನ್ನು ನಾವು ಊಹಿಸಬಹುದು. ರೆಡ್ ನದಿಯ ಬಳಿ ಸ್ಟಾರ್‌ಲೈಟ್ ಎಂಬ ತೋಟವನ್ನು ಕೊಂಡು ಬೇಸಾಯಕ್ಕೆ ನಿಂತ. ಮಾರ್ಗನ್ನನಂತೆ ಬೇಸಾಯದಲ್ಲಿ ಸೋಲಲಿಲ್ಲ, ಕುದುರಿಕೊಂಡ. ೧೮೭೦ರಲ್ಲಿ ರಾಜ್ಯದ ಸೆನೆಟ್ಟಿಗೆ ಆಯ್ಕೆಯಾಗಿ, ಮರುವರ್ಷ ರೆಡ್ ರಿವರ್ ಎಂಬ ಹೊಸ ಜಿಲ್ಲೆಯನ್ನೇ ಮಾಡಿಸಿ, ಕೌಶಾಟ ಎಂಬ ಊರನ್ನು ಅದರ ಮುಖ್ಯ ಪಟ್ಟಣವಾಗಿಸಿದ. ತಮ್ಮ, ಮೂವರು ಸೋದರಿಯರು, ಅವರ ಗಂಡಂದಿರು, ತಾಯಿ, ಎಲ್ಲರನ್ನೂ ವರ್ಮಾಂಟಿನಿಂದ ಕರೆಸಿಕೊಂಡ.

೧೮೭೪ರ ಆಗಸ್ಟಿನಲ್ಲಿ ಟ್ವಿಚೆಲ್ ನ್ಯೂ ಆರ್ಲಿಯನ್ಸ್‌ನಲ್ಲಿದ್ದಾಗ 'ವೈಟ್ ಲೀಗ್' ಎಂಬ ಶಸ್ತ್ರಧಾರಿ ಸಂಘದವರು ಕೌಶಾಟವನ್ನು ಮುತ್ತಿದರು. ಆರು ಮಂದಿ ಬಿಳಿಯ ರಿಪಬ್ಲಿಕನ್ನರಿಂದ ರಾಜೀನಾಮೆ ಬರೆಸಿಕೊಂಡು, ಬೆಂಗಾವಲಿನೊಡನೆ ಊರು ದಾಟಿಸುತ್ತೇವೆಂದು ಮಾತು ಕೊಟ್ಟು ಹೊರಡಿಸಿ, ದಾರಿಯಲ್ಲಿ ಕೊಂದರು. ಸತ್ತವರಲ್ಲಿ ತಮ್ಮ ಹೋಮರ್ ಇದ್ದ. ಇಬ್ಬರು ಸೋದರಿಯರ ಗಂಡಂದಿರಿದ್ದರು. ಕಪ್ಪು ಜನರೂ ಹಲವರು ಸತ್ತರು. ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಎರಡು ವರ್ಷಗಳ ಅನಂತರ, ೧೮೭೬ರ ಮೇ ೨ರಂದು, ಟ್ವಿಚೆಲ್ ಉಳಿದ ಸೋದರಿಯ ಗಂಡ ಜಾರ್ಜ್ ಕಿಂಗ್‌ನೊಡನೆ ದೋಣಿಯಲ್ಲಿ ರೆಡ್ ನದಿಯನ್ನು ದಾಟುತ್ತಿದ್ದಾಗ, ವೇಷ ಮರೆಸಿಕೊಂಡ ಬಂದೂಕುಗಾರನೊಬ್ಬ ದಡದಿಂದ ಗುಂಡು ಹಾರಿಸತೊಡಗಿದ. ಕಿಂಗ್ ಸತ್ತ. ನೀರಿಗೆ ಇಳಿದು ದೋಣಿಯ ಅಂಚನ್ನು ಹಿಡಿದು ಮರೆಯಾದ ಟ್ವಿಚೆಲ್ಲನ ಕೈಗಳಿಗೆ ಒಂದಾದ ಮೇಲೊಂದು ಗುಂಡುಗಳು ಬಿದ್ದವು. ದೋಣಿ ನಡೆಸುತ್ತಿದ್ದ ಕಪ್ಪು ಅಂಬಿಗ, ತಾನೂ ಗಾಯಗೊಂಡಿದ್ದವನು, ಇವನು ಸತ್ತನೆಂದು ಕೂಗಿ ಉಳಿಸಿದ. ಎರಡು ತೋಳುಗಳನ್ನೂ ಕತ್ತರಿಸಬೇಕಾಯಿತು. ೧೮೭೮ರಲ್ಲಿ ಸರಕಾರ ಅವನನ್ನು ಕೆನಡದ ಕಿಂಗ್‌ಸ್ಟನ್ನಿಗೆ ಕಾನ್ಸಲ್ ಆಗಿ ಕಳುಹಿಸಿತು. ಸಾಯುವವರೆಗೆ, ಇಪ್ಪತ್ತೇಳು ವರ್ಷ, ಅವನು ಅಲ್ಲಿಯೇ ಇದ್ದ.

ಕಥೆ ಹೀಗಿದ್ದಮೇಲೆ ಸಾಹಿತ್ಯದ ಪ್ರಶ್ನೆಗೆ ಬರಬಹುದು. ಎರಡರಲ್ಲಿ ಯಾವುದು ಒಳ್ಳೆಯ ಪುಸ್ತಕ?

ಮೊದಲ ಓದಿನಲ್ಲಿ ನನಗೆ ಸಂಶಯವೇ ಇರಲಿಲ್ಲ. ಟ್ವಿಚೆಲ್ ಮಾತಿನಲ್ಲಿ ಜಿಪುಣ. ಗಾಯ, ಕೊಲೆ, ಅಂಗಚ್ಛೇದ ಎಲ್ಲವನ್ನೂ ಮೇಲಧಿಕಾರಿಗೆ ವರದಿ ಒಪ್ಪಿಸುವ ಕ್ಯಾಪ್ಟನ್ನನ ಸ್ವರದಲ್ಲಿಯೇ ಹೇಳುತ್ತಾನೆ. ಕರುಣರಸವನ್ನು ಕೆರಳಿಸುವ ಆಸೆಯಿಲ್ಲ. ಓದುವವನ ಎದೆ ತಾನಾಗಿ ಬಿಗಿಯುತ್ತದೆ. ಹೇಳದೆ ಉಳಿಸಿದ್ದರಲ್ಲಿಯೇ ಧ್ವನಿಯಿದೆ ಎಂದು ನಾವು ಕಾವ್ಯಮೀಮಾಂಸೆಯ ತರಗತಿಯಲ್ಲಿ ಹೇಳಿಕೊಡುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ? ಮಾರ್ಗನ್ ಇದಕ್ಕೆ ನೇರ ವಿರುದ್ಧ. ಐನೂರು ಪುಟಗಳ ಉದ್ದಕ್ಕೂ ಅವನಿಗೆ ಸುಮ್ಮನಿರಲು ಬಾರದು. ಕೊಂಕು, ಕೂಗು, ಭಾಷಣ, ಸಂಭಾಷಣೆ, ಮತ್ತೆ ಭಾಷಣ. ಹತ್ತು ವರ್ಷಗಳ ಹಿಂದೆ ಯಾರೋ ಆಡಿದ ಮಾತನ್ನು ನಿನ್ನೆ ಕೇಳಿದಂತೆ ಉದ್ಧರಣ ಚಿಹ್ನೆಯೊಳಗೆ ಇಡುತ್ತಾನೆ. ಎದುರಾಳಿಗಳ ಸೌಜನ್ಯವನ್ನು ಅಣಕಿಸಿ ಅಣಕಿಸಿ ನಮಗೇ ಬೇಸರ ಬರಿಸುತ್ತಾನೆ. ಕಪ್ಪು ಜನರ ಆಡುಮಾತನ್ನು ಅಕ್ಷರಕ್ಕಿಳಿಸುವಾಗ ಆ ಕಾಲದ ಬಿಳಿಯ ಲೇಖಕರ ಚಾಳಿಯಿಂದ ಅವನೂ ಪಾರಾಗಿಲ್ಲ. ಪ್ರೌಢ ಸಂಪಾದಕರೊಬ್ಬರ ಕೈಗೆ ಸಿಕ್ಕಿದ್ದರೆ ಈ ಪುಸ್ತಕ ಅರ್ಧಕ್ಕಿಳಿಯುತ್ತಿತ್ತು ಎಂದು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡಿದ್ದೇನೆ.

ನನ್ನ ಈ ತೀರ್ಮಾನವನ್ನು ಕದಲಿಸಿದವನು ನನ್ನ ವಿದ್ಯಾರ್ಥಿಯೊಬ್ಬ. ಬಿ. ಎ. ತರಗತಿಯಲ್ಲಿ ಆತ್ಮಕಥೆಯೆಂಬ ಪ್ರಕಾರವನ್ನು ವಿವರಿಸುತ್ತ ಈ ಇಬ್ಬರ ಕಥೆಯನ್ನು ಉದಾಹರಣೆಗಾಗಿ ಹೇಳಿದೆ. ಸಂಯಮದ ಗುಣವನ್ನು ಕೊಂಡಾಡಿ, ವಾಚಾಳಿತನದ ದೋಷವನ್ನು ತೋರಿಸಿ, ಮುಗಿಸುವುದರಲ್ಲಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುವವನು, ಎದ್ದು ನಿಂತು ಕೇಳಿದ: "ಸಾರ್, ಇವರಿಬ್ಬರೂ ಊರು ಬಿಟ್ಟು ಹೋದರು, ಸರಿ. ಇವರನ್ನು ನಂಬಿ ವೋಟು ಹಾಕಿದವರು ಎಲ್ಲಿಗೆ ಹೋದರು?"

ನನ್ನ ಬಳಿ ಉತ್ತರವಿರಲಿಲ್ಲ. ಗಂಟೆ ಬಾರಿಸಿದ್ದು ನನ್ನ ಪುಣ್ಯ. ಅಂದು ಸಂಜೆ ಮನೆಗೆ ಬಂದು ಎರಡೂ ಪುಸ್ತಕಗಳನ್ನು ಆ ಒಂದು ಪ್ರಶ್ನೆಯನ್ನಿಟ್ಟುಕೊಂಡು ಮತ್ತೆ ಓದತೊಡಗಿದೆ.

ಈ ಓದಿನಲ್ಲಿ ಪುಸ್ತಕಗಳ ಬಣ್ಣವೇ ಬೇರೆಯಾಯಿತು. ಟ್ವಿಚೆಲ್ಲನ ಮೌನ ನಾನು ತಿಳಿದಿದ್ದಂತೆ ಬರಿಯ ಸಂಯಮವಾಗಿರಲಿಲ್ಲ. ತನ್ನ ನೋವಿನ ವಿಷಯದಲ್ಲಿ ಕಡಮೆ ಮಾತನಾಡುವವನು ಇತರರ ನೋವಿನ ವಿಷಯದಲ್ಲಿಯೂ ಕಡಮೆ ಮಾತನಾಡುತ್ತಾನೆ. ಅವನನ್ನು ಸೆನೆಟ್ಟಿಗೆ ಕಳುಹಿಸಿದ ಕಪ್ಪು ರೈತರು ಅವನ ಪುಟಗಳಲ್ಲಿ ನನಗೆ ಹೆಚ್ಚಾಗಿ ಗುಂಪಾಗಿಯೇ ಕಂಡರು. ಒಬ್ಬೊಬ್ಬರ ಮುಖ ಅಪರೂಪಕ್ಕೆ ಹೊಳೆಯುತ್ತದೆ. ಒಂದು ಜಿಲ್ಲೆಯ ಮುಖ್ಯ ಹುದ್ದೆಗಳಲ್ಲಿ ತಮ್ಮನೂ ಸೋದರಿಯರ ಗಂಡಂದಿರೂ ಬಂದು ಕುಳಿತಾಗ, ಅದನ್ನು ಆ ಜನರ ರಾಜ್ಯಭಾರ ಎಂದು ಎಷ್ಟರಮಟ್ಟಿಗೆ ಕರೆಯಬಹುದು ಎಂಬ ಪ್ರಶ್ನೆಯೂ ಈ ಬಾರಿ ಬಿಡದೆ ಕಾಡಿತು. ಆ ಮನೆತನ ತೆತ್ತ ಬೆಲೆ ಭಯಂಕರವಾದದ್ದು. ಕೊಲೆಗಾರರಿಗೆ ಯಾವ ನೆಪವೂ ಇಲ್ಲ. ಆದರೆ ಒಂದೇ ಮನೆಗೆ ಹತ್ತಿದ ದೀಪ ಆ ಮನೆಯವರು ಹೋದಾಗ ಆರುತ್ತದೆ. ಇದನ್ನು ಹೇಳಲು ನನಗೆ ಸಂಕೋಚವಾಗುತ್ತದೆ, ಹೇಳದಿದ್ದರೆ ವಿಮರ್ಶೆಯಾಗದು.

ಮಾರ್ಗನ್ನನ ವಾಚಾಳಿತನದಲ್ಲಿ ಇದಕ್ಕೆ ಪ್ರತಿಯಾದ ಒಂದು ಗುಣವಿರುವುದು ಆಗ ಕಂಡಿತು. ಅವನ ಪುಸ್ತಕದಲ್ಲಿ ಬೇರೆಯವರು ಮಾತನಾಡುತ್ತಾರೆ. ಕೆಟ್ಟ ಉಚ್ಚಾರಣೆಯಲ್ಲಿ ಬರೆದಿದ್ದರೂ ಅವರ ಮಾತು ಅಲ್ಲಿದೆ. ತೋಟದ ಆಳು, ಗರಗಸದ ಗಿರಣಿಯ ಕೂಲಿ, ಶಾಲೆಗೆ ಬರುವವರು ಅವನೊಡನೆ ವಾದಿಸುತ್ತಾರೆ, ಎಚ್ಚರಿಸುತ್ತಾರೆ. ಆ ನೆಲದ ಒಳಗುಟ್ಟು ಈ ವಿಸ್ಕಾನ್ಸಿನ್ನಿನ ಹುಡುಗನಿಗಿಂತ ತಮಗೆ ಚೆನ್ನಾಗಿ ಗೊತ್ತು ಎಂಬಂತೆ ನಡೆದುಕೊಳ್ಳುತ್ತಾರೆ. ಮೊದಮೊದಲು ಊರಿನ ದೊಡ್ಡಮನುಷ್ಯರ ನಯವಾದ ಸ್ವಾಗತವನ್ನು ನಂಬಿ ತಾನು ಮೋಸಹೋದೆನೆಂದು ಅವನು ಮುಚ್ಚಿಡುವುದಿಲ್ಲ. ತನ್ನ ಪೆದ್ದುತನವನ್ನು ಅಚ್ಚು ಹಾಕಿಸಿ ಮಾರುವ ಧೈರ್ಯ ಎಷ್ಟು ಆತ್ಮಕಥೆಗಾರರಿಗಿದೆ?

ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರದ ಒಂದು ತುಣುಕೂ ದೊರೆಯಿತು. ಯಾಜೂವಿನಲ್ಲಿ ಮಾರ್ಗನ್ನನ ರಾಜಕೀಯ ಒಡನಾಡಿಯಾಗಿದ್ದವನು ವಿಲಿಯಂ ಫೂಟ್ ಎಂಬ ಕಪ್ಪು ಮನುಷ್ಯ. ಅವನೂ ಮಿಸಿಸಿಪ್ಪಿಯ ಶಾಸನಸಭೆಯಲ್ಲಿ ಕುಳಿತವನೇ. ೧೮೭೫ರಲ್ಲಿ ಮಾರ್ಗನ್ ಓಡಿದ ಮೇಲೂ ಫೂಟ್ ಆ ಊರಿನಲ್ಲಿ ಉಳಿದ. ೧೮೮೩ರ ಡಿಸೆಂಬರಿನಲ್ಲಿ ಅಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ನಡೆದ ಒಂದು ಹೊಡೆದಾಟದ ಹಿಂದೆಯೇ ಅವನನ್ನು ಸೆರೆಯಲ್ಲಿಟ್ಟರು. ಕೆಲವೇ ದಿನಗಳಲ್ಲಿ ಗುಂಪೊಂದು ಸೆರೆಮನೆಗೆ ನುಗ್ಗಿ ಅವನನ್ನೂ ಇತರ ಕಪ್ಪು ಕೈದಿಗಳನ್ನೂ ಕೊಂದಿತು. ಮಾರ್ಗನ್ನನ ಪುಸ್ತಕ ಹೊರಬಂದುದು ಮರುವರ್ಷ. ಈ ಎರಡು ತಾರೀಖುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ, ಆ ಪುಸ್ತಕ ಏಕೆ ಅಷ್ಟು ಗಟ್ಟಿಯಾಗಿ ಕೂಗುತ್ತದೆ ಎಂಬುದನ್ನು ಬೇರೆ ಬಿಡಿಸಿ ಹೇಳಬೇಕಾಗಿಲ್ಲ.

ಆಗ ನನಗೆ ಆ ಬೈಗುಳದ ಅರ್ಥವೂ ತಿರುವುಮುರುವಾಗಿ ತೋರಿತು. ಜಮಖಾನದ ಚೀಲದವನ ದೋಷವೇನೆಂದು ದಕ್ಷಿಣದ ಕಾದಂಬರಿಗಳು ಹೇಳಿದವೋ ಅದಲ್ಲ ನಿಜವಾದ ಸಂಗತಿ. ಮಾರ್ಗನ್ ತುಂಬಿದ ಚೀಲ ಹೊತ್ತು ಹೋಗಲಿಲ್ಲ. ವಾಷಿಂಗ್ಟನ್ನಿನಲ್ಲಿ ಪಿಂಚಣಿ ಕಚೇರಿಯ ಗುಮಾಸ್ತನಾದ. ೧೮೮೫ರಲ್ಲಿ ಸರಕಾರ ಬದಲಾದಾಗ ಆ ಕೆಲಸವೂ ಹೋಯಿತು. ಕಾನ್ಸಾಸಿಗೆ ಹೋಗಿ, ಕೊನೆಗೆ ಸಂಸಾರವನ್ನೂ ಬಿಟ್ಟು ಕೊಲರಾಡೊದ ಗಣಿಗಳಲ್ಲಿ ಅದೃಷ್ಟ ಹುಡುಕುತ್ತ ಅಲೆದು, ೧೯೨೨ರಲ್ಲಿ ಡೆನ್ವರಿನಲ್ಲಿ ಸತ್ತ. ಟ್ವಿಚೆಲ್ ಹೊತ್ತು ಹೋದದ್ದೇನೆಂಬುದನ್ನು ಹೇಳಿಯಾಗಿದೆ. ಚೀಲ ಹಿಡಿಯಲು ಅವನಿಗೆ ಕೈಗಳೇ ಉಳಿದಿರಲಿಲ್ಲ. ಇಷ್ಟಾದರೂ ಒಂದು ಮಾತು ನಿಜ. ಚೀಲವಿದ್ದವರಿಗೆ ಹೊರಡುವ ದಾರಿಯಿತ್ತು. ಹೋದ ಕಡೆ ಕುಳಿತು ಬರೆಯುವ ಬಿಡುವಿತ್ತು. ಫೂಟ್‌ಗೆ ಯಾಜೂವೇ ಊರು. ಅವನ ಆತ್ಮಕಥೆ ನಮ್ಮಲ್ಲಿಲ್ಲ.

ಹಾಗೆಂದು ಉಳಿದವರೆಲ್ಲ ಮೌನವಾಗಿದ್ದರೆಂದು ತಿಳಿಯಬಾರದು. ಮಿಸಿಸಿಪ್ಪಿಯ ಕಪ್ಪು ನಾಯಕ ಜಾನ್ ಲಿಂಚ್, ಗುಲಾಮನಾಗಿ ಹುಟ್ಟಿ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದವನು, ೧೯೧೩ರಲ್ಲಿ ಆ ಕಾಲದ ನಿಜಸಂಗತಿಗಳನ್ನು ಕುರಿತು ಪುಸ್ತಕ ಬರೆದ. ಲೂಸಿಯಾನದ ಹೆನ್ರಿ ಆಡಮ್ಸ್ ಎಂಬ ಮಾಜಿ ಸಿಪಾಯಿ ೧೮೮೦ರಲ್ಲಿ ಸೆನೆಟ್ಟಿನ ಸಮಿತಿಯ ಮುಂದೆ ನಿಂತು, ತನ್ನ ಜನರ ಮೇಲೆ ನಡೆದ ನೂರಾರು ಹಿಂಸೆಗಳ ಪಟ್ಟಿಯನ್ನೇ ಒಪ್ಪಿಸಿದ. ೧೮೭೬ರ ಸೆನೆಟ್ ವಿಚಾರಣೆಯ ಸಂಪುಟಗಳಲ್ಲಿ ಮಿಸಿಸಿಪ್ಪಿಯ ಕಪ್ಪು ಜನರು ಗವರ್ನರಿಗೆ ಬರೆದುಕೊಂಡ ಮೊರೆಗಳಿವೆ. ಈ ಸಾಕ್ಷ್ಯಗಳೂ ಆತ್ಮಕಥೆಯ ಜಾತಿಗೇ ಸೇರಿದವು ಎಂದು ನನಗೆ ತೋರುತ್ತದೆ. ಅವುಗಳಿಗೆ ರಟ್ಟು ಕಟ್ಟಿ, ಲೇಖಕನ ಹೆಸರು ಹಾಕಿ ನಾವು ಕಪಾಟಿನಲ್ಲಿಡಲಿಲ್ಲ, ಅಷ್ಟೆ.

ನಮಗೂ ಈ ಕಥೆಗೂ ಏನು ಸಂಬಂಧ ಎಂದು ಕೇಳುವವರಿಗೆ ಒಂದು ನೆನಪನ್ನು ಮಾಡಿಕೊಡುತ್ತೇನೆ. ಮಾರ್ಗನ್ ಷರೀಫನಾಗಿ ಚುನಾಯಿತನಾದ ೧೮೭೩ರಲ್ಲಿಯೇ ಪುಣೆಯ ಜ್ಯೋತಿಬಾ ಫುಲೆಯವರು ತಮ್ಮ 'ಗುಲಾಮಗಿರಿ' ಎಂಬ ಮರಾಠಿ ಪುಸ್ತಕವನ್ನು, ಕಪ್ಪು ಜನರನ್ನು ದಾಸ್ಯದಿಂದ ಬಿಡಿಸಲು ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಪುಣೆಯಲ್ಲಿ ಕುಳಿತು ಫುಲೆಯವರು ಯಾರಿಗೆ ಕೃತಜ್ಞತೆ ಹೇಳಿದರೋ ಆ ಪಂಗಡದವರೇ ಈ ಇಬ್ಬರು. ಅದಾದ ಮೂರು ವರ್ಷಗಳೊಳಗೆ ಯಾಜೂವಿನಲ್ಲಿಯೂ ಕೌಶಾಟದಲ್ಲಿಯೂ ಎಲ್ಲ ಮುಗಿದಿತ್ತು. ನಮ್ಮ ಕಾಲದಲ್ಲಿ ನಾವು ಕಲಿತದ್ದಾದರೋ ಈ ಸಜ್ಜನರನ್ನು ನೋಡಿ ನಗುವ ಸಿನಿಮಾದಿಂದ. ಫುಲೆಯವರಿಗೆ ಅಷ್ಟು ದೂರದಿಂದ ಕಂಡದ್ದು, ಎಲ್ಲ ಪುಸ್ತಕಗಳೂ ಕೈಗೆ ಸಿಗುವ ಕಾಲದ ನಮಗೆ ಕಾಣದೆಹೋಯಿತಲ್ಲ!

ಕೊನೆಯದಾಗಿ ಪುಸ್ತಕಗಳ ಹೆಸರುಗಳನ್ನು ಕುರಿತು ಒಂದು ಮಾತು. ಟ್ವಿಚೆಲ್ಲನ ಆತ್ಮಕಥೆ ಅಚ್ಚಾದಾಗ ಅದಕ್ಕೆ ಬಂದ ಹೆಸರಿನ ಅರ್ಥ 'ವರ್ಮಾಂಟಿನಿಂದ ಬಂದ ಕಾರ್ಪೆಟ್‌ಬ್ಯಾಗರ್' ಎಂದು. ವೈರಿಗಳ ಬೈಗುಳವೇ ಅವನ ಸಮಾಧಿಯ ಮೇಲಿನ ಬರಹವಾದಂತಾಯಿತು. ಮಾರ್ಗನ್ ತನ್ನ ಪುಸ್ತಕಕ್ಕೆ ತನ್ನ ಹೆಸರಿಡಲಿಲ್ಲ, ಊರಿನ ಹೆಸರಿಟ್ಟ: 'ಯಾಜೂ'. ಅದರ ಕೆಳಗೆ ಉಪಶೀರ್ಷಿಕೆ, 'ದಕ್ಷಿಣದಲ್ಲಿ ಸ್ವಾತಂತ್ರ್ಯದ ಕಾವಲು ಸಾಲಿನ ಮೇಲೆ' ಎಂದು. ಅವನು ಬಳಸಿದ್ದು ಸೈನ್ಯದ ಮಾತು. ದಂಡು ಬೀಡುಬಿಟ್ಟಾಗ ಅದಕ್ಕಿಂತ ಮುಂದೆ, ಕತ್ತಲಲ್ಲಿ, ಒಬ್ಬೊಬ್ಬರಾಗಿ ನಿಲ್ಲಿಸುವ ಕಾವಲುಗಾರರ ಸಾಲು ಅದು. ಶತ್ರುವನ್ನು ಸೋಲಿಸುವ ಶಕ್ತಿ ಆ ಕಾವಲುಗಾರನಿಗಿಲ್ಲ. ಶತ್ರು ಬಂದನೆಂದರೆ ಮಲಗಿದವರು ಏಳುವಂತೆ ಕೂಗುವುದು ಅವನ ಕೆಲಸ.

ಪುಸ್ತಕದ ಅಂಚಿನಲ್ಲಿ ನಾನು ಬರೆದಿದ್ದ ಪೆನ್ಸಿಲಿನ ಟಿಪ್ಪಣಿಯನ್ನು ಅಳಿಸಿಬಿಟ್ಟೆ. ಕೂಗುವವನಿಗೆ ಸಂಯಮವಿಲ್ಲ ಎಂದು ಮಲಗಿದ್ದವನು ಆಕ್ಷೇಪಿಸಬಾರದು.